ಅಲ್ಲಾಡಿಸಲು ಕೇಬಲ್ಲೇ ಇಲ್ಲ: ಮೇನ್‌ಫ್ರೇಮ್ ಗೆಸ್ಟ್‌ಗೆ ನೆಟ್‌ವರ್ಕ್ ಸಿಗದಿದ್ದರೆ ಎಲ್ಲಿ ಹುಡುಕಬೇಕು

ಸಾಮಾನ್ಯ ಸರ್ವರ್‌ಗೆ ನೆಟ್‌ವರ್ಕ್ ಹೋಯಿತೆಂದರೆ ಯಾರೇ ಆಗಲಿ ಮೊದಲು ಅದರ ಹಿಂಬದಿಗೆ ಹೋಗಿ ಕೇಬಲ್ ಅಲ್ಲಾಡಿಸಿ ನೋಡುತ್ತಾರೆ. ಹಸಿರು ದೀಪ ಮಿನುಗುತ್ತಿದ್ದರೆ ಅರ್ಧ ಸಮಾಧಾನ. ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನೊಳಗೆ ಓಡುತ್ತಿರುವ ಲಿನಕ್ಸ್ ಗೆಸ್ಟ್‌ಗೆ, ಅಂದರೆ ಅದರೊಳಗಿನ ವರ್ಚುಯಲ್ ಕಂಪ್ಯೂಟರ್‌ಗೆ, ಈ ಸೌಲಭ್ಯ ಇಲ್ಲ. ಅದರ ನೆಟ್‌ವರ್ಕ್ ಕಾರ್ಡ್ ಬರೀ ಮೆಮೊರಿಯಲ್ಲಿರುವ ಒಂದು ಲೆಕ್ಕ, ಕೇಬಲ್ ಒಂದು ಕಮ್ಯಾಂಡ್, ಸ್ವಿಚ್ ಕಾನ್ಫಿಗರೇಶನ್ ಫೈಲಿನ ಒಂದು ಸಾಲು. ಪೆಟ್ಟಿಗೆಯಿಂದ ಹೊರಬೀಳುವ ನಿಜವಾದ ತಂತಿಗಳು ಒಂದೋ ಎರಡೋ. ಅವನ್ನೇ ನೂರಾರು ಗೆಸ್ಟ್‌ಗಳು ಹಂಚಿಕೊಂಡಿರುತ್ತವೆ.

ಹೀಗಾಗಿ ತೊಂದರೆ ಬಂದಾಗ ಕಾನ್ಫರೆನ್ಸ್ ಕಾಲ್‌ನಲ್ಲಿ ಮೂರು ದನಿ ಕೇಳುತ್ತವೆ. ಲಿನಕ್ಸ್ ನೋಡಿಕೊಳ್ಳುವವರು "ಇಂಟರ್‌ಫೇಸ್ ಅಪ್ ಇದೆ" ಎನ್ನುತ್ತಾರೆ. ಗೆಸ್ಟ್‌ಗಳನ್ನೆಲ್ಲ ಹೊತ್ತಿರುವ ಝಡ್ ವಿಎಂ ಎಂಬ ತಂತ್ರಾಂಶದ ಸಿಸ್ಟಮ್ ಪ್ರೋಗ್ರಾಮರ್ "ಸ್ವಿಚ್ ರೆಡಿ ಇದೆ" ಎನ್ನುತ್ತಾರೆ. ನೆಟ್‌ವರ್ಕ್ ತಂಡದವರು "ಪೋರ್ಟ್ ಸರಿಯಾಗಿಯೇ ಇದೆ" ಎನ್ನುತ್ತಾರೆ. ಮೂವರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ಆದರೂ ಪಿಂಗ್ ಹೋಗುವುದಿಲ್ಲ. ಯಾಕೆಂದರೆ ತೊಂದರೆ ಹೆಚ್ಚಿನ ಸಲ ಇರುವುದು ಒಬ್ಬರ ಅಂಗಳದ ನಡುವೆ ಅಲ್ಲ, ಇಬ್ಬರ ಬೇಲಿ ಕೂಡುವ ಜಾಗದಲ್ಲಿ.

ಝಡ್ ವಿಎಂ ಅನ್ನು ನಮ್ಮ ಹಳೆಯ ವಠಾರಕ್ಕೆ ಹೋಲಿಸಬಹುದು. ಮಾಲೀಕನ ಹೆಸರು ಸಿಪಿ, ಅಂದರೆ ಕಂಟ್ರೋಲ್ ಪ್ರೋಗ್ರಾಂ. ಪ್ರತಿ ಬಾಡಿಗೆದಾರನಿಗೂ ತಾನೊಬ್ಬನೇ ಇಡೀ ಮನೆಯ ಯಜಮಾನ ಎಂಬ ಭ್ರಮೆ ಹುಟ್ಟಿಸುವುದೇ ಈ ಮಾಲೀಕನ ಕಸುಬು. ಕಸುಬು ಹೊಸದಲ್ಲ. ಐಬಿಎಂ 1960ರ ದಶಕದಲ್ಲೇ ಇದನ್ನು ಪ್ರಯೋಗಿಸಿತ್ತು, 1972ರಲ್ಲಿ ವಿಎಂ/370 ಹೆಸರಿನಲ್ಲಿ ಗ್ರಾಹಕರಿಗೆ ಕೊಟ್ಟಿತು, 2000ದ ಹೊತ್ತಿಗೆ ಅದೇ ವಂಶಕ್ಕೆ ಝಡ್ ವಿಎಂ ಎಂಬ ಹೆಸರು ಬಂತು. ನೆಟ್‌ವರ್ಕ್‌ನ ಸುಖ ಮಾತ್ರ ತಡವಾಗಿ ಒದಗಿತು. ಮೊದಲೆಲ್ಲ ಇಬ್ಬರು ಗೆಸ್ಟ್‌ಗಳ ನಡುವೆ ಒಂದೊಂದೇ ನೇರ ಕೊಂಡಿ ಹಾಕಬೇಕಿತ್ತು. 2001ರ 4.2 ಆವೃತ್ತಿಯಲ್ಲಿ ಗೆಸ್ಟ್ ಲ್ಯಾನ್ ಬಂತು. ವಠಾರದೊಳಗೆ ಎಲ್ಲರೂ ಮಾತಾಡಬಹುದಾಯಿತು, ಆದರೆ ಹೊರಗೆ ಹೋಗಲು ಒಬ್ಬ ಗೆಸ್ಟ್ ರೂಟರ್ ಆಗಿ ಬಾಗಿಲು ಕಾಯಬೇಕಿತ್ತು. 2003ರ 4.4 ಆವೃತ್ತಿಯ ವರ್ಚುಯಲ್ ಸ್ವಿಚ್ ಆ ಕಾವಲುಗಾರನನ್ನು ತೆಗೆದುಹಾಕಿ, ಒಳಗಿನ ಲ್ಯಾನನ್ನು ನೇರವಾಗಿ ಹೊರಗಿನ ತಂತಿಗೆ ಹೊಲಿದುಬಿಟ್ಟಿತು. ಇದನ್ನೇ ಎಲ್ಲರೂ ವಿಸ್ವಿಚ್ ಎಂದು ಕರೆಯುತ್ತಾರೆ. ಮುಂದಿನ ಮಾತೆಲ್ಲ ಇದರ ಬಗ್ಗೆಯೇ.

ಒಂದು ಪ್ಯಾಕೆಟ್‌ನ ದಾರಿಯನ್ನು ಒಮ್ಮೆ ನಡೆದು ನೋಡೋಣ. ಲಿನಕ್ಸ್‌ನ ಇಂಟರ್‌ಫೇಸ್‌ನಿಂದ ಹೊರಟದ್ದು ಕ್ಯುಎತ್ ಎಂಬ ಡ್ರೈವರ್‌ಗೆ ಬರುತ್ತದೆ. ಡ್ರೈವರ್‌ನ ಕೆಳಗೆ ಮೂರು ಡಿವೈಸ್ ನಂಬರ್‌ಗಳ ಒಂದು ಗುಂಪಿದೆ. ಗುಂಪು 0600ರಿಂದ ಶುರುವಾದರೆ ಅದು ಓದಲು, 0601 ಬರೆಯಲು, 0602 ನಿಜವಾದ ಡೇಟಾಗೆ. ಈ ಮೂರೂ ಸೇರಿ ಒಂದು ವರ್ಚುಯಲ್ ನಿಕ್, ಅಂದರೆ ನೆಟ್‌ವರ್ಕ್ ಕಾರ್ಡ್. ಆ ನಿಕ್ಕನ್ನು ವಿಸ್ವಿಚ್‌ಗೆ ಸಿಕ್ಕಿಸುವ ಕೆಲಸಕ್ಕೆ ಕಪಲ್ ಎಂದು ಹೆಸರು. ನಮ್ಮ ಕಾಣದ ಕೇಬಲ್ ಅದೇ. ವಿಸ್ವಿಚ್‌ನ ಇನ್ನೊಂದು ತುದಿಯಲ್ಲಿ ಓಸಾ, ಅಂದರೆ ಮೇನ್‌ಫ್ರೇಮ್‌ನ ನಿಜವಾದ ನೆಟ್‌ವರ್ಕ್ ಕಾರ್ಡ್, ಅದಕ್ಕೂ ಮೂರು ನಿಜ ಡಿವೈಸ್‌ಗಳ ಗುಂಪು. ಓಸಾದಿಂದ ಹೊರಟ ತಂತಿ ಡೇಟಾ ಸೆಂಟರ್‌ನ ಸ್ವಿಚ್‌ಗೆ ಹೋಗುತ್ತದೆ.

ಇಲ್ಲಿ ಡಿಟಿಸಿವಿಎಸ್‌ಡಬ್ಲ್ಯು1, ಡಿಟಿಸಿವಿಎಸ್‌ಡಬ್ಲ್ಯು2 ಎಂಬ ವಿಚಿತ್ರ ಹೆಸರಿನ ಪಾತ್ರಗಳೂ ಇವೆ. ಇವು ಕಂಟ್ರೋಲರ್‌ಗಳು. ಹೊಸಬರು ಎಲ್ಲ ಪ್ಯಾಕೆಟ್‌ಗಳೂ ಇವುಗಳ ಮೂಲಕ ಹಾದುಹೋಗುತ್ತವೆ ಎಂದುಕೊಳ್ಳುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಲ್ಲ. ಓಸಾ ಜೊತೆ ಮಾತುಕತೆ ಕುದುರಿಸಿ ಸಂಪರ್ಕ ಏರ್ಪಡಿಸುವವರೆಗೆ ಮಾತ್ರ ಇವುಗಳ ಪಾಲು, ಆಮೇಲೆ ಡೇಟಾ ಸಿಪಿಯ ಕೈಯಲ್ಲಿ ನೇರವಾಗಿ ಸಾಗುತ್ತದೆ. ಮದುವೆ ಮಾಡಿಸಿದ ದಲ್ಲಾಳಿ ಸಂಸಾರ ನಡೆಸುವುದಿಲ್ಲವಲ್ಲ, ಹಾಗೆ. ಆದರೆ ಒಬ್ಬ ಕಂಟ್ರೋಲರೂ ಲಾಗಾನ್ ಆಗಿರದಿದ್ದರೆ ಮದುವೆಯೇ ನಡೆಯುವುದಿಲ್ಲ.

ಈಗ ಪತ್ತೆದಾರಿಕೆ. ಕಮ್ಯಾಂಡ್ ಟೈಪ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಯಾರಿಗೆ ಯಾರು ಸಿಗುತ್ತಿಲ್ಲ? ಈ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟರೆ ಮೂರು ಗಂಟೆ ಉಳಿಯುತ್ತದೆ. ಒಬ್ಬ ಗೆಸ್ಟ್‌ಗೆ ಯಾರೂ ಸಿಗುತ್ತಿಲ್ಲ, ಅದೇ ವಿಸ್ವಿಚ್‌ನ ಉಳಿದವರೆಲ್ಲ ಆರಾಮಾಗಿದ್ದಾರೆ ಎಂದರೆ ತೊಂದರೆ ಆ ಗೆಸ್ಟ್‌ನ ಒಳಗೆ, ಅದರ ನಿಕ್‌ನಲ್ಲಿ, ಇಲ್ಲವೇ ಅದಕ್ಕೆ ಕೊಟ್ಟ ಅನುಮತಿಯಲ್ಲಿ. ಗೆಸ್ಟ್‌ಗಳು ತಮ್ಮತಮ್ಮಲ್ಲಿ ಮಾತಾಡುತ್ತಿವೆ, ಹೊರಗಿನ ಗೇಟ್‌ವೇ ಮಾತ್ರ ಯಾರಿಗೂ ಸಿಗುತ್ತಿಲ್ಲ ಎಂದರೆ ಗೆಸ್ಟ್‌ಗಳನ್ನು ಮುಟ್ಟಲೇಬೇಡಿ, ಓಸಾ ಮತ್ತು ಅದರಾಚೆ ನೋಡಿ. ಹೊರಗಿನ ಪ್ರಪಂಚವೆಲ್ಲ ಸಿಗುತ್ತದೆ, ಪಕ್ಕದ ಗೆಸ್ಟ್ ಮಾತ್ರ ಸಿಗುವುದಿಲ್ಲ ಎಂಬ ವಿಚಿತ್ರ ದೂರು ಬಂದರೆ ಅದು ಕೆಟ್ಟದ್ದಲ್ಲ, ಯಾರೋ ಬೇಕೆಂದೇ ಮಾಡಿದ್ದು. ವಿಸ್ವಿಚ್‌ಗೆ ಐಸೊಲೇಶನ್ ಆನ್ ಆಗಿರುತ್ತದೆ. ಭದ್ರತೆಗಾಗಿ ಗೆಸ್ಟ್‌ಗಳು ಪರಸ್ಪರ ನೇರವಾಗಿ ಮಾತಾಡದಂತೆ, ಅದೇ ಓಸಾ ಹಂಚಿಕೊಂಡ ಬೇರೆ ಎಲ್‌ಪಾರ್‌ಗಳನ್ನೂ (ಅದೇ ಮೇನ್‌ಫ್ರೇಮ್‌ನ ಇತರ ಪಾಲುಗಳನ್ನೂ) ನೇರವಾಗಿ ಮುಟ್ಟದಂತೆ ಹಾಕುವ ತಡೆ ಅದು. ನಿನ್ನೆಯವರೆಗೆ ಸರಿಯಿತ್ತು, ಭಾನುವಾರ ಐಪಿಎಲ್ (ಮೇನ್‌ಫ್ರೇಮ್ ಭಾಷೆಯಲ್ಲಿ ರೀಬೂಟ್) ಮಾಡಿದ ಮೇಲೆ ಹೋಯಿತು ಎಂದರೆ, ಯಾರೋ ಕೈಯಾರೆ ಕೊಟ್ಟ ಕಮ್ಯಾಂಡನ್ನು ಫೈಲಿನಲ್ಲಿ ಬರೆದಿಡಲು ಮರೆತಿದ್ದಾರೆ.

ಗೆಸ್ಟ್‌ನ ಒಳಗಿಂದಲೇ ಶುರು ಮಾಡೋಣ. ಇಂಟರ್‌ಫೇಸೇ ಕಾಣದಿದ್ದರೆ ಹೊಸಬರು ವಿಸ್ವಿಚ್‌ನ ಮೇಲೆ ಗೂಬೆ ಕೂರಿಸುತ್ತಾರೆ. ನಿಜವಾದ ಕಳ್ಳ ಹಲವು ಸಲ ಸಿಐಒ ಇಗ್ನೋರ್ ಪಟ್ಟಿ. ಮೇನ್‌ಫ್ರೇಮ್‌ನಲ್ಲಿ ಸಾವಿರಾರು ಡಿವೈಸ್‌ಗಳು ಕಾಣಿಸಿಕೊಳ್ಳಬಹುದಾದ್ದರಿಂದ, ಕೆಲವು ಲಿನಕ್ಸ್ ವಿತರಣೆಗಳು ಬೂಟ್ ಆಗುವಾಗಲೇ ಬೇಡದ ಡಿವೈಸ್‌ಗಳತ್ತ ಕಣ್ಣೆತ್ತಿಯೂ ನೋಡದಂತೆ ಕರ್ನಲ್‌ಗೆ ಹೇಳಿಟ್ಟಿರುತ್ತವೆ. ಸಿಪಿ ಹೊಸ ನಿಕ್ ಕೊಟ್ಟಿದ್ದರೂ ಲಿನಕ್ಸ್ ಪಾಲಿಗೆ ಅದು ಇಲ್ಲ. ಆ ಮೂರು ನಂಬರ್‌ಗಳನ್ನು ಪಟ್ಟಿಯಿಂದ ಬಿಡಿಸಿ, ಸಿಎಚ್‌ಝಡ್‌ಡೆವ್ ಕಮ್ಯಾಂಡ್‌ನಿಂದ ಎಚ್ಚರಿಸಿದರೆ ಎದ್ದು ಕೂರುತ್ತದೆ.

ಇಂಟರ್‌ಫೇಸ್ ಇದೆ, ಆದರೂ ಸದ್ದಿಲ್ಲ ಎಂದಾದರೆ ಎಲ್‌ಎಸ್‌ಕ್ಯುಎತ್ ಕಮ್ಯಾಂಡ್ ಕೊಡಿ. ಅದರ ಸ್ಟೇಟ್ ಸಾಲು ಬಹಳ ಮಾತಾಡುತ್ತದೆ. "ಅಪ್, ಲ್ಯಾನ್ ಆನ್‌ಲೈನ್" ಎಂದಿದ್ದರೆ ಡ್ರೈವರ್ ಮಟ್ಟದಲ್ಲಿ ಎಲ್ಲ ಸುಖ. "ಸಾಫ್ಟ್‌ಸೆಟಪ್" ಎಂದಿದ್ದರೆ ಡಿವೈಸ್ ತಯಾರಾಗಿದೆ, ಇಂಟರ್‌ಫೇಸನ್ನು ಯಾರೂ ಮೇಲೆತ್ತಿಲ್ಲ. "ಲ್ಯಾನ್ ಆಫ್‌ಲೈನ್" ಎಂದಿದ್ದರೆ ನಮ್ಮ ಕಾಣದ ಕೇಬಲ್ ಕಳಚಿದೆ ಎಂದೇ ತಿಳಿಯಿರಿ.

ಅದೇ ಪುಟದಲ್ಲಿ ಲೇಯರ್2 ಎಂಬ ಇನ್ನೊಂದು ಸಾಲಿದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ನಿದ್ದೆ ಕೆಡಿಸಿದ್ದು ಇದು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ವಿಸ್ವಿಚ್ ಎರಡು ಬಗೆ. ಐಪಿ ಬಗೆಯದು, ಅಂದರೆ ಲೇಯರ್ 3, ಪ್ಯಾಕೆಟ್‌ನ ಐಪಿ ವಿಳಾಸ ನೋಡಿ ಯಾರಿಗೆ ಕೊಡಬೇಕೆಂದು ತೀರ್ಮಾನಿಸುತ್ತದೆ. ಪ್ರತಿ ಗೆಸ್ಟ್ ತನ್ನ ಐಪಿಯನ್ನು ಮೊದಲೇ ನೋಂದಾಯಿಸಿರಬೇಕು. ನೋಂದಾಯಿಸದ ವಿಳಾಸಕ್ಕೆ ಬಂದ ಪ್ಯಾಕೆಟ್ ಆ ಗೆಸ್ಟ್‌ನ ಮನೆ ಬಾಗಿಲಿಗೆ ಬರುವುದೇ ಇಲ್ಲ. ಹೊರಗಿನವರ ಕಣ್ಣಿಗೆ ಎಲ್ಲ ಗೆಸ್ಟ್‌ಗಳಿಗೂ ಓಸಾದ ಒಂದೇ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ. ಯಾವ ಐಪಿಗೆ ಯಾವ ಮ್ಯಾಕ್ ಎಂದು ಕೇಳಿ ತಿಳಿಯುವ ಎಆರ್‌ಪಿ ಕೆಲಸವನ್ನೂ ಓಸಾವೇ ನೋಡಿಕೊಳ್ಳುತ್ತದೆ. ಈಥರ್‌ನೆಟ್ ಬಗೆಯದು, ಅಂದರೆ ಲೇಯರ್ 2, ಮಾಮೂಲಿ ಸ್ವಿಚ್‌ನಂತೆ ಮ್ಯಾಕ್ ವಿಳಾಸ ನೋಡುತ್ತದೆ. ಪ್ರತಿ ಗೆಸ್ಟ್‌ಗೂ ತನ್ನದೇ ಮ್ಯಾಕ್. 2004ರ 5.1 ಆವೃತ್ತಿಯಲ್ಲಿ ಬಂದ ಈ ಬಗೆಯೇ ಈಗ ಹೆಚ್ಚು ಚಾಲ್ತಿ. ಐಪಿ ಅಲ್ಲದ ಪ್ರೋಟೊಕಾಲ್‌ಗಳಿಗೂ, ಗೆಸ್ಟ್‌ನ ಒಳಗೆ ಬ್ರಿಜ್ ಅಥವಾ ಬಾಂಡಿಂಗ್ ಮಾಡುವವರಿಗೂ ಇದೇ ಬೇಕು.

ವಿಸ್ವಿಚ್ ಒಂದು ಬಗೆ, ಗೆಸ್ಟ್‌ನ ಕ್ಯುಎತ್ ಇನ್ನೊಂದು ಬಗೆ ಆಗಿದ್ದರೆ ಎತ್ತು ಏರಿಗೆಳೆಯಿತು ಕೋಣ ನೀರಿಗೆಳೆಯಿತು ಎಂಬ ಪರಿಸ್ಥಿತಿ. ನಿಕ್ ಇರುತ್ತದೆ, ಕಪಲ್ ಆಗಿರುತ್ತದೆ, ಮಾತುಕತೆ ಮಾತ್ರ ಶೂನ್ಯ. ಹೊಸ ಕರ್ನಲ್‌ಗಳು ವಿಸ್ವಿಚ್‌ನ ಬಗೆಯನ್ನು ಕೇಳಿ ತಿಳಿದುಕೊಂಡು ತಾವೇ ಹೊಂದಿಕೊಳ್ಳುತ್ತವೆ. ಆದರೆ ಹಳೆಯ ಗೆಸ್ಟನ್ನು ತದ್ರೂಪು ಮಾಡಿ ಬೇರೆ ವಿಸ್ವಿಚ್‌ಗೆ ತಂದಾಗ, ಹಳೆಯ ಕಾನ್ಫಿಗರೇಶನ್ ಫೈಲಿನಲ್ಲಿ ಲೇಯರ್2 ಸೊನ್ನೆ ಎಂದೋ ಒಂದು ಎಂದೋ ಬರೆದಿಟ್ಟದ್ದು ಹಾಗೇ ಬಂದಿರುತ್ತದೆ. ಬರೆದದ್ದನ್ನೇ ಡ್ರೈವರ್ ನಂಬುತ್ತದೆ.

ಇನ್ನು ಗೆಸ್ಟ್‌ನಿಂದ ಒಂದು ಮೆಟ್ಟಿಲು ಕೆಳಗಿಳಿಯೋಣ. ಇದಕ್ಕೆ ಬೇರೆ ಟರ್ಮಿನಲ್ ಹುಡುಕಿಕೊಂಡು ಹೋಗಬೇಕಿಲ್ಲ. ಲಿನಕ್ಸ್‌ನ ಒಳಗಿಂದಲೇ ವಿಎಂಸಿಪಿ ಎಂಬ ಸಾಧನದ ಮೂಲಕ ಸಿಪಿಗೆ ಪ್ರಶ್ನೆ ಕೇಳಬಹುದು. ಕ್ವೆರಿ ವರ್ಚುಯಲ್ ನಿಕ್ ಡೀಟೇಲ್ಸ್ ಎಂದು ಕೇಳಿದರೆ ನಿಮ್ಮ ನಿಕ್ ಯಾವ ವಿಸ್ವಿಚ್‌ಗೆ ಸಿಕ್ಕಿಕೊಂಡಿದೆ, ಯಾವ ಮ್ಯಾಕ್, ಎಷ್ಟು ಪ್ಯಾಕೆಟ್ ಬಂತು, ಎಷ್ಟು ಹೋಯಿತು, ಎಷ್ಟು ಎಸೆಯಲಾಯಿತು ಎಲ್ಲ ಬರುತ್ತದೆ. ಹೋದ ಲೆಕ್ಕ ಏರುತ್ತಿದೆ, ಬಂದ ಲೆಕ್ಕ ಸೊನ್ನೆಯಲ್ಲೇ ನಿಂತಿದೆ ಎಂದರೆ ನೀವು ಕೂಗುತ್ತಿದ್ದೀರಿ, ಯಾರೂ ಉತ್ತರಿಸುತ್ತಿಲ್ಲ. ಎರಡೂ ಸೊನ್ನೆ ಎಂದರೆ ನೀವು ಬಾಯಿಯನ್ನೇ ತೆರೆದಿಲ್ಲ. ಈ ವ್ಯತ್ಯಾಸ ಹಿಡಿಯುವುದೇ ಅರ್ಧ ಕೆಲಸ.

ನಿಕ್ಕನ್ನು ಎರಡು ರೀತಿ ಕೊಡಬಹುದು. ಪ್ರತಿ ಗೆಸ್ಟ್‌ನ ವಿವರ ಬರೆದಿಡುವ ಯೂಸರ್ ಡೈರೆಕ್ಟರಿಯಲ್ಲಿ ನಿಕ್‌ಡೆಫ್ ಸಾಲು ಬರೆದರೆ ಗೆಸ್ಟ್ ಪ್ರತಿ ಸಲ ಲಾಗಾನ್ ಆದಾಗಲೂ ಅದು ತಾನಾಗಿ ಹುಟ್ಟಿ ವಿಸ್ವಿಚ್‌ಗೆ ಸಿಕ್ಕಿಕೊಳ್ಳುತ್ತದೆ. ಡಿಫೈನ್ ನಿಕ್, ಆಮೇಲೆ ಕಪಲ್ ಎಂದು ಕೈಯಾರೆ ಕೊಟ್ಟದ್ದು ಗೆಸ್ಟ್ ಲಾಗಾಫ್ ಆದೊಡನೆ ಮಾಯ. ತುರ್ತಿನಲ್ಲಿ ಎರಡನೆಯ ದಾರಿ ಹಿಡಿದವರು ಡೈರೆಕ್ಟರಿ ತಿದ್ದಲು ಮರೆಯುವುದು ಎಷ್ಟು ಸಾಮಾನ್ಯವೆಂದರೆ, ಲಿನಕ್ಸ್ ಬರೀ ರೀಬೂಟ್ ಆದರೆ ಸರಿಯಿರುತ್ತದೆ, ಪೂರ್ತಿ ಲಾಗಾಫ್ ಆಗಿ ಬಂದರೆ ನೆಟ್‌ವರ್ಕ್ ಇಲ್ಲ ಎಂಬ ದೂರು ಕೇಳಿದೊಡನೆ ನಾನು ಬೇರೇನೂ ನೋಡದೆ ಡೈರೆಕ್ಟರಿ ತೆಗೆಯುತ್ತೇನೆ.

ಅನುಮತಿಯ ಕಥೆ ಬೇರೆ. ವಿಸ್ವಿಚ್ ಸಾಮಾನ್ಯವಾಗಿ ರಿಸ್ಟ್ರಿಕ್ಟೆಡ್. ಸೆಟ್ ವಿಸ್ವಿಚ್ ಗ್ರ್ಯಾಂಟ್ ಎಂದು ಹೆಸರು ಹೇಳಿ ಅನುಮತಿ ಕೊಡದ ಹೊರತು (ಹೊಸ ಆವೃತ್ತಿಗಳಲ್ಲಿ ಡೈರೆಕ್ಟರಿಯಿಂದಲೂ ಕೊಡಬಹುದು) ಗೆಸ್ಟ್ ಕಪಲ್ ಆಗಲಾರದು. ಕಪಲ್ ಮಾಡಲು ನಿಮಗೆ ಅಧಿಕಾರವಿಲ್ಲ ಎಂದು ಸಿಪಿ ನೇರವಾಗಿಯೇ ಹೇಳುತ್ತದೆ, ಆದರೆ ಹೇಳುವುದು ಗೆಸ್ಟ್‌ನ ಕನ್ಸೋಲ್‌ನಲ್ಲಿ, ಲಿನಕ್ಸ್ ಇನ್ನೂ ಎದ್ದಿರದ ಹೊತ್ತಿನಲ್ಲಿ. ಆ ಸಾಲು ಬೂಟ್ ಸಂದೇಶಗಳ ಹೊಳೆಯಲ್ಲಿ ಕೊಚ್ಚಿಹೋಗಿರುತ್ತದೆ. ಕ್ವೆರಿ ವಿಸ್ವಿಚ್ ಆಕ್ಸೆಸ್‌ಲಿಸ್ಟ್ ಕೊಟ್ಟರೆ ಯಾರಿಗೆಲ್ಲ ಅನುಮತಿ ಇದೆ ಎಂಬ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಹೆಸರಿದ್ದೂ ಒಳಗೆ ಬಿಡುತ್ತಿಲ್ಲವೇ? ಹಾಗಾದರೆ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡುತ್ತಿಲ್ಲ. ರಾಕ್‌ಎಫ್‌ನಂಥ ಭದ್ರತಾ ಉತ್ಪನ್ನ ವಿಸ್ವಿಚ್‌ಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿದ್ದರೆ ಸಿಪಿಯ ಗ್ರ್ಯಾಂಟ್‌ಗೆ ಬೆಲೆಯಿಲ್ಲ. ವಿಎಂಲ್ಯಾನ್ ಕ್ಲಾಸ್‌ನಲ್ಲಿ ಆ ವಿಸ್ವಿಚ್‌ನ ಪ್ರೊಫೈಲ್‌ಗೆ ಗೆಸ್ಟ್‌ನ ಹೆಸರು ಸೇರಿಸಿ ಅಪ್‌ಡೇಟ್ ಅನುಮತಿ ಕೊಡಬೇಕು.

ಈಗ ವಿಸ್ವಿಚ್. ಕ್ವೆರಿ ವಿಸ್ವಿಚ್ ಡೀಟೇಲ್ಸ್ ಕೊಟ್ಟು ಮೊದಲು ಸ್ಟೇಟ್ ನೋಡಿ. ರೆಡಿ ಎಂದಿರಬೇಕು. ಡಿಫೈನ್ಡ್ ಎಂದಷ್ಟೇ ಇದ್ದರೆ ಸ್ವಿಚ್ ಹೆಸರಿಗೆ ಹುಟ್ಟಿದೆ, ಹೊರಗಿನ ಸಂಪರ್ಕ ಏರ್ಪಟ್ಟಿಲ್ಲ. ಕಾರಣಗಳು ಬಹಳವಿಲ್ಲ. ಕಂಟ್ರೋಲರ್ ಓಡುತ್ತಿಲ್ಲ, ಓಸಾದ ಮೂರು ಡಿವೈಸ್‌ಗಳು ಆಫ್‌ಲೈನ್ ಇವೆ, ಇಲ್ಲವೇ ಅವನ್ನು ಟಿಸಿಪಿಐಪಿ ಮೆಷೀನ್ ಥರದ ಬೇರೆ ಯಾರೋ ಮೊದಲೇ ಹಿಡಿದು ಕೂತಿದ್ದಾರೆ. ಕ್ವೆರಿ ಓಸಾ ಕೊಟ್ಟರೆ ಯಾರ ಕೈಯಲ್ಲಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಸ್ಟೇಟ್ ರೆಡಿ ಇದ್ದೂ ಹೊರಗೆ ಹೋಗದಿದ್ದರೆ ನನ್ನ ಮೊದಲ ಅನುಮಾನ ವಿಲ್ಯಾನ್ ಮೇಲೆ, ಅಂದರೆ ಒಂದೇ ತಂತಿಯ ಸಂಚಾರವನ್ನು ನಂಬರಿನ ಟ್ಯಾಗ್ ಹಚ್ಚಿ ಬೇರೆಬೇರೆ ಲ್ಯಾನ್‌ಗಳಾಗಿ ಒಡೆಯುವ ಏರ್ಪಾಟಿನ ಮೇಲೆ. ವಿಸ್ವಿಚ್ ವಿಲ್ಯಾನ್ ಬಲ್ಲದ್ದೋ ಅರಿಯದ್ದೋ ಎಂಬುದನ್ನು ಡಿಫೈನ್ ಮಾಡುವಾಗಲೇ ಹೇಳಿರಬೇಕು. ಅರಿಯದ್ದಾದರೆ ಫ್ರೇಮ್‌ಗಳಿಗೆ ಅದು ತಾನಾಗಿ ಟ್ಯಾಗ್ ಹಚ್ಚುವುದಿಲ್ಲ, ಆದ್ದರಿಂದ ಹೊರಗಿನ ಸ್ವಿಚ್‌ನ ಪೋರ್ಟ್ ಆಕ್ಸೆಸ್ ಮೋಡ್‌ನಲ್ಲಿ, ಅಂದರೆ ಟ್ಯಾಗ್ ಇಲ್ಲದೆ ಒಂದೇ ವಿಲ್ಯಾನ್‌ಗೆ ಸೇರಿದಂತೆ, ಇರಬೇಕು. ಬಲ್ಲದ್ದಾದರೆ ಪ್ರತಿ ಗೆಸ್ಟ್ ಯಾವ ವಿಲ್ಯಾನ್‌ನವನು ಎಂದು ಗ್ರ್ಯಾಂಟ್‌ನಲ್ಲೇ ಹೇಳಿ, ಹೊರಗಿನ ಪೋರ್ಟನ್ನು ಟ್ಯಾಗ್ ಸಮೇತ ಹಲವು ವಿಲ್ಯಾನ್ ಸಾಗಿಸುವ ಟ್ರಂಕ್ ಮೋಡ್‌ಗೆ ಇಟ್ಟು, ಆ ಟ್ರಂಕ್‌ನಲ್ಲಿ ಅದೇ ವಿಲ್ಯಾನ್ ನಂಬರ್‌ಗೆ ದಾರಿ ಬಿಟ್ಟಿರಬೇಕು. ಇವೆಲ್ಲ ಒಂದಕ್ಕೊಂದು ಹೊಂದಬೇಕು, ಒಂದು ಕಡೆ ತಪ್ಪಿದರೆ ಅರೆಬರೆ ನೆಟ್‌ವರ್ಕ್ ಸಿಗುವುದಿಲ್ಲ, ಏನೂ ಸಿಗುವುದಿಲ್ಲ. ಗೆಸ್ಟ್‌ನ ಪೋರ್ಟ್ ಆಕ್ಸೆಸ್ ಬಗೆಯದಾಗಿದ್ದರೆ ಟ್ಯಾಗ್ ಹಚ್ಚುವುದೂ ತೆಗೆಯುವುದೂ ವಿಸ್ವಿಚ್‌ನ ಕೆಲಸ, ಲಿನಕ್ಸ್‌ನ ಒಳಗೆ ವಿಲ್ಯಾನ್ ಇಂಟರ್‌ಫೇಸ್ ಮಾಡಬಾರದು. ಟ್ರಂಕ್ ಬಗೆಯದಾದರೆ ಲಿನಕ್ಸ್‌ನಲ್ಲೇ ಮಾಡಬೇಕು. ಎರಡೂ ಕಡೆ ಟ್ಯಾಗ್ ಹಚ್ಚಿದ ಅಥವಾ ಎರಡೂ ಕಡೆ ಬಿಟ್ಟ ಪ್ರಸಂಗಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಒಂದು ಕಿವಿಮಾತು: ಗೆಸ್ಟ್‌ನ ವಿಲ್ಯಾನ್ ಬದಲಿಸಿದ ಮೇಲೆ ಅದರ ನಿಕ್ಕನ್ನು ಒಮ್ಮೆ ಅನ್‌ಕಪಲ್ ಮಾಡಿ ಮತ್ತೆ ಕಪಲ್ ಮಾಡಿ. ಹಳೆಯ ಕಪಲ್ ಹಳೆಯ ಅನುಮತಿಯ ಮೇಲೆಯೇ ನಡೆಯುತ್ತಿರಬಹುದು.

ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ಕೂಡ ಆಗುತ್ತದೆ, ದೊಡ್ಡ ಫೈಲ್ ಕಳಿಸಿದರೆ ಮಾತ್ರ ಅಲ್ಲೇ ನಿಲ್ಲುತ್ತದೆ ಎಂಬುದು ಎಂಟಿಯು ದೂರು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯ ದೂರು. ಗೆಸ್ಟ್‌ನಲ್ಲಿ 8992 ಇಟ್ಟು, ಹೊರಗಿನ ಸ್ವಿಚ್ ಜಂಬೊ ಫ್ರೇಮ್ ಒಪ್ಪದಿದ್ದರೆ ಹೀಗಾಗುತ್ತದೆ. ವಠಾರದೊಳಗಿನ ಗೆಸ್ಟ್‌ಗಳ ನಡುವೆ ದೊಡ್ಡ ಫ್ರೇಮ್ ಸಲೀಸಾಗಿ ಓಡುವುದರಿಂದ ಪರೀಕ್ಷೆಯಲ್ಲಿ ಎಲ್ಲ ಪಾಸಾಗಿರುತ್ತದೆ.

ಒಮ್ಮೆ ಬಂದು ಒಮ್ಮೆ ಹೋಗುವ ನೆಟ್‌ವರ್ಕ್ ಇದೆಯಲ್ಲ, ಅದು ಇನ್ನೂ ದೊಡ್ಡ ಪೀಡೆ. ಇಲ್ಲಿ ಅನುಮಾನ ಮ್ಯಾಕ್ ವಿಳಾಸದ ಮೇಲೆ. ವರ್ಚುಯಲ್ ನಿಕ್‌ಗೆ ಮ್ಯಾಕ್ ಕೊಡುವವನು ಸಿಪಿ. ಸಿಸ್ಟಮ್ ಕಾನ್ಫಿಗ್ ಫೈಲಿನ ವಿಎಂಲ್ಯಾನ್ ಸಾಲಿನಲ್ಲಿ ಮ್ಯಾಕ್‌ಪ್ರಿಫಿಕ್ಸ್ ಎಂಬ ಮೊದಲರ್ಧ ಇರುತ್ತದೆ, ಉಳಿದರ್ಧವನ್ನು ಸಿಪಿ ಸರದಿಯಂತೆ ಹಂಚುತ್ತದೆ. ಏನೂ ಬರೆಯದಿದ್ದರೆ ಮೊದಲರ್ಧ 02-00-00. ಒಂದೇ ಲ್ಯಾನ್‌ನಲ್ಲಿ ಎರಡು ಝಡ್ ವಿಎಂ ವ್ಯವಸ್ಥೆಗಳಿದ್ದು, ಎರಡರಲ್ಲೂ ಯಾರೂ ಏನೂ ಬರೆದಿಲ್ಲ ಎಂದುಕೊಳ್ಳಿ. ಎರಡೂ ಒಂದೇ ಮೊದಲರ್ಧ ಹಿಡಿದು ಸರದಿಯಂತೆ ಹಂಚುತ್ತವೆ. ಕೊನೆಗೆ ಇಬ್ಬರು ಗೆಸ್ಟ್‌ಗಳಿಗೆ ಒಂದೇ ಮ್ಯಾಕ್. ಹೊರಗಿನ ಸ್ವಿಚ್ ಪಾಪ, ಈ ವಿಳಾಸ ಈ ಪೋರ್ಟ್‌ನಲ್ಲಿದೆ, ಅಲ್ಲ ಆ ಪೋರ್ಟ್‌ನಲ್ಲಿದೆ ಎಂದು ಗಳಿಗೆಗೊಮ್ಮೆ ಪಟ್ಟಿ ತಿದ್ದುತ್ತಿರುತ್ತದೆ. ಪ್ರತಿ ವ್ಯವಸ್ಥೆಗೂ ಬೇರೆ ಪ್ರಿಫಿಕ್ಸ್ ಬರೆದರೆ ಮುಗಿಯಿತು. ತದ್ರೂಪು ಮಾಡಿದ ಗೆಸ್ಟ್ ತನ್ನ ಮೂಲ ಗೆಸ್ಟ್‌ನ ಮ್ಯಾಕ್ಕನ್ನು ಫೈಲಿನಲ್ಲಿ ಹೊತ್ತು ತಂದಾಗಲೂ ಇದೇ ಗತಿ. ಮ್ಯಾಕ್‌ಪ್ರೊಟೆಕ್ಟ್ ಆನ್ ಆಗಿದ್ದರಂತೂ ಸಿಪಿ ತಾನು ಕೊಡದ ಮ್ಯಾಕ್ ಹಾಕಿಕೊಂಡ ಗೆಸ್ಟನ್ನು ಒಪ್ಪುವುದೇ ಇಲ್ಲ.

2011ರ 6.2 ಆವೃತ್ತಿಯಿಂದ ಒಂದು ಗೆಸ್ಟನ್ನು ಓಡುತ್ತಿರುವಾಗಲೇ ಒಂದು ಝಡ್ ವಿಎಂನಿಂದ ಇನ್ನೊಂದಕ್ಕೆ ಸಾಗಿಸಬಹುದು. ಅಂಥ ಕ್ಲಸ್ಟರ್‌ನಲ್ಲಿ ಈ ಪ್ರಿಫಿಕ್ಸ್ ಶಿಸ್ತು ಇನ್ನೂ ಮುಖ್ಯ. ಸಾಗಿಸುವ ಮೊದಲು ಅದೇ ಹೆಸರಿನ ವಿಸ್ವಿಚ್ ಆಚೆ ಕಡೆ ಇದೆಯೇ ಎಂದು ಸಿಪಿ ನೋಡಿಕೊಳ್ಳುತ್ತದೆ. ಆಚೆ ಕಡೆಯ ಓಸಾ ಹೋಗಿ ಸೇರುವ ಪೋರ್ಟ್‌ನಲ್ಲಿ ಅದೇ ವಿಲ್ಯಾನ್ ಬಿಟ್ಟಿದ್ದಾರೆಯೇ ಎಂಬುದು ಅದಕ್ಕೆ ಕಾಣುವುದಿಲ್ಲ.

ಕಾಣದಿರುವ ಈ ಜಾಗದಲ್ಲೇ ನಾನು ಒಮ್ಮೆ ಚೆನ್ನಾಗಿ ಬಿದ್ದಿದ್ದೆ. ಬೆಂಗಳೂರಿನಲ್ಲಿ ಕೂತು ಹೊರದೇಶದ ಗ್ರಾಹಕರೊಬ್ಬರ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ದಿನಗಳವು. ವಿಸ್ವಿಚ್‌ಗೆ ಎರಡು ಓಸಾ ಕೊಟ್ಟಿದ್ದೆವು, ಒಂದು ಮುಖ್ಯ, ಒಂದು ಬದಲಿ. ಮೂರು ಓಸಾಗಳವರೆಗೆ ಹೀಗೆ ಸಾಲಾಗಿ ಕೊಡಬಹುದು. ಮುಖ್ಯ ಕಾರ್ಡ್ ಕೆಟ್ಟರೆ ಬದಲಿಗೆ ದಾಟುವುದು ತಾನಾಗಿ ಆಗುತ್ತದೆ. ನಿರ್ವಹಣೆಗಾಗಿ ಮುಖ್ಯ ಕಾರ್ಡ್ ತೆಗೆದರು. ವಿಸ್ವಿಚ್ ಕ್ಷಣದಲ್ಲಿ ಬದಲಿಗೆ ದಾಟಿತು, ಸ್ಟೇಟ್ ರೆಡಿ ಎಂದು ಬಂತು, ಗೆಸ್ಟ್‌ಗಳೆಲ್ಲ ಪರಸ್ಪರ ಪಿಂಗ್ ಮಾಡುತ್ತಿದ್ದವು, ಹೊರಗಿನವರಿಗೆ ಒಬ್ಬನೂ ಸಿಗಲಿಲ್ಲ. ನಾನು ಒಂದು ಗಂಟೆ ಝಡ್ ವಿಎಂ ಒಳಗೇ ಹುಡುಕಿದೆ. ಓಸಾದಿಂದ ಹೊರಗೆ ಹೋದ ಪ್ಯಾಕೆಟ್‌ಗಳ ಲೆಕ್ಕ ಏರುತ್ತಿತ್ತು, ಹೊರಗಿನಿಂದ ಬಂದವುಗಳದ್ದು ಅಲ್ಲಾಡುತ್ತಿರಲಿಲ್ಲ. ಉತ್ತರ ಆ ಎರಡು ಸಂಖ್ಯೆಗಳಲ್ಲೇ ಇತ್ತು, ನಾನು ಓದಲಿಲ್ಲ. ಬದಲಿ ಓಸಾ ಸೇರಿದ್ದ ಪೋರ್ಟ್ ಟ್ರಂಕ್ ಆಗಿರಲೇ ಇಲ್ಲ. ಅಳವಡಿಸಿದ ದಿನದಿಂದಲೂ ಆಕ್ಸೆಸ್ ಮೋಡ್‌ನಲ್ಲೇ ಇತ್ತು, ಯಾರೂ ಅದರ ಮೇಲೆ ಒಂದು ಪ್ಯಾಕೆಟ್ ಕಳಿಸಿ ನೋಡಿರಲಿಲ್ಲ. ತಂತಿಯಲ್ಲಿ ಬೆಳಕಿದೆ, ಓಸಾ ಜೀವಂತವಿದೆ ಎಂಬಷ್ಟನ್ನೇ ವಿಸ್ವಿಚ್ ರೆಡಿ ಎನ್ನುತ್ತದೆ. ಆಚೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ನೆಟ್‌ವರ್ಕ್ ತಂಡದವರು ಪೋರ್ಟ್ ಸರಿಯಾಗಿಯೇ ಇದೆ ಎಂದಿದ್ದರು. ಮುಖ್ಯ ಕಾರ್ಡ್‌ನ ಪೋರ್ಟ್ ನೋಡಿ ಹೇಳಿದ್ದರು.

ಅಂದಿನಿಂದ ಹೊಸ ವಿಸ್ವಿಚ್ ಕಟ್ಟಿದಾಗಲೆಲ್ಲ ಗೆಸ್ಟ್‌ಗಳನ್ನು ಬಿಟ್ಟುಕೊಡುವ ಮೊದಲು ಮುಖ್ಯ ಕಾರ್ಡನ್ನು ಬೇಕೆಂದೇ ಬಿಡಿಸಿ, ಬದಲಿಯ ಮೇಲೆ ನಿಂತು, ಪ್ರತಿ ವಿಲ್ಯಾನ್‌ನಿಂದಲೂ ಗೇಟ್‌ವೇಗೆ ಪಿಂಗ್ ಮಾಡಿಸುತ್ತೇನೆ. ಜೊತೆಗೆ ಒಂದು ಹಾಳೆಯಲ್ಲಿ ಓಸಾ ಡಿವೈಸ್ ನಂಬರ್, ಅದು ಸೇರುವ ಸ್ವಿಚ್‌ನ ಪೋರ್ಟ್, ಮೋಡ್, ವಿಲ್ಯಾನ್ ಎಲ್ಲ ಬರೆದು ನೆಟ್‌ವರ್ಕ್ ತಂಡದವರ ಕೈಗೂ ಒಂದು ಪ್ರತಿ ಕೊಡುತ್ತೇನೆ. ಕಾಲ್‌ನಲ್ಲಿ ಪೋರ್ಟ್ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ, ಯಾವ ಪೋರ್ಟ್ ಎಂದು ಕೇಳಲು ಈಗ ನನ್ನ ಹತ್ತಿರ ನಂಬರ್ ಇದೆ.